ಜೋಡಿ ಓದು

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೂ ಸಿದ್ದಲಿಂಗಯ್ಯನವರ ‘ಊರುಕೇರಿ’ಯನ್ನೂ ಒಂದರ ಹಿಂದೊಂದು ಓದಿ ನೋಡಿ. 1933ರಲ್ಲಿ ಬಂದ ಕಾದಂಬರಿಯಲ್ಲಿ ಚೋಮನ ಬಳಿ ಒಂದು ಜೋಡಿ ಎತ್ತುಗಳಿವೆ. ತಾನೇ ಸಾಕಿದ ಎತ್ತುಗಳು. ಅವನಿಗಿರುವುದು ಒಂದೇ ಆಸೆ: ಒಂದು ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ಆ ಎತ್ತುಗಳನ್ನು ಕಟ್ಟಿ ಉಳಬೇಕು. ಅವನು ಹುಟ್ಟಿದ ಜಾತಿಗೆ ಆ ಹಕ್ಕಿಲ್ಲ ಅನ್ನುತ್ತದೆ ಊರು. ಅರವತ್ತು ವರ್ಷ ದಾಟಿ, 1996ರಲ್ಲಿ ಬಂದ ಆತ್ಮಕಥೆಯ ಮೊದಲ ಪುಟಗಳಲ್ಲೇ ಹೊಲವಿದೆ, ನೇಗಿಲಿದೆ, ನೊಗವಿದೆ. ನೊಗಕ್ಕೆ ಹೆಗಲು ಕೊಟ್ಟವರು ಮಾತ್ರ ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬರು ತನ್ನ ಅಪ್ಪ ಎಂಬುದನ್ನು ಹುಡುಗ ಸಿದ್ದಲಿಂಗಯ್ಯ ನಿಂತು ನೋಡುತ್ತಾನೆ. ಅಲ್ಲಿ ಎತ್ತಿದ್ದೂ ಉಳುವಂತಿಲ್ಲ. ಇಲ್ಲಿ ಮನುಷ್ಯರೇ ಎತ್ತು. ಒಂದೊಂದನ್ನೇ ಬಿಡಿಯಾಗಿ ಓದಿದ್ದಾಗ ಈ ಎರಡು ನೊಗಗಳನ್ನು ನಾನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಈ ಸಲ ಇಟ್ಟೆ, ಆ ರಾತ್ರಿ ನಿದ್ದೆ ಬರಲಿಲ್ಲ.

ಚಿಕ್ಕಮಗಳೂರಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕೆಲಸದಲ್ಲಿದ್ದಾಗ ಓದಿಗೆ ಸಮಯ ಕದಿಯಬೇಕಿತ್ತು. ಈಗ ಅದೇ ದಿನದ ಮುಖ್ಯ ಕೆಲಸ. ನನ್ನ ಅತ್ತೆಗೆ ಎಂಬತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿದರೂ ಸಣ್ಣ ಅಕ್ಷರ ಹಿಡಿಯುವುದಿಲ್ಲ, ಹಾಗಾಗಿ ಸಂಜೆ ಕಾಫಿ ಮುಗಿದ ಮೇಲೆ ಅವರಿಗಾಗಿ ಗಟ್ಟಿಯಾಗಿ ಓದುತ್ತೇನೆ. ಒಂದು ಕಾದಂಬರಿ ಅಥವಾ ಕಥಾಸಂಕಲನ ಮುಗಿದ ಕೂಡಲೇ ಅದೇ ಮಣ್ಣಿನ, ಆದರೆ ಕಥೆಯಲ್ಲದ, ಇನ್ನೊಂದು ಪುಸ್ತಕವನ್ನು ಎತ್ತಿಕೊಳ್ಳುವುದು ಈಚೆಗೆ ನಾನು ರೂಢಿಸಿಕೊಂಡ ಕ್ರಮ. ಇದನ್ನು ಓದುವ ಅಭ್ಯಾಸವಿರುವ ಎಲ್ಲರಿಗೂ ಹೇಳಬೇಕೆನಿಸಿದೆ. ಕಾದಂಬರಿ ಮಾತ್ರ ಓದುವವರು ಒಂದು ಬದಿಗೆ, ‘ನಾನು ಕಥೆಗಿಥೆ ಓದಲ್ಲ, ಜ್ಞಾನದ ಪುಸ್ತಕ ಮಾತ್ರ’ ಅನ್ನುವವರು ಇನ್ನೊಂದು ಬದಿಗೆ ನಿಂತುಬಿಟ್ಟಿದ್ದಾರೆ. ಇಬ್ಬರಿಗೂ ಅರ್ಧ ಊಟ.

‘ಚೋಮನ ದುಡಿ’ಯನ್ನು ನಮ್ಮ ಊರಿನವರು ಇನ್ನೂ ಹತ್ತಿರದಿಂದ ಓದಬಹುದು. ಸಾಲ ತೀರಿಸಲು ಚೋಮನ ಮಕ್ಕಳು ಹತ್ತಿ ಬರುವುದು ಘಟ್ಟದ ಮೇಲಿನ ಕಾಫಿ ತೋಟಕ್ಕೆ, ಅಂದರೆ ನಮ್ಮ ಕಡೆಗೆ. ತೋಟದ ಲೈನ್ ಮನೆ, ಮೇಸ್ತ್ರಿ, ರೈಟರ್ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವರು ನಾವು. ಮುಂಗಡ ಕೊಟ್ಟು ಆಳನ್ನು ಕರೆತರುವುದು, ಆ ಮುಂಗಡ ಎಂದೂ ತೀರದ ಹಾಗೆ ಲೆಕ್ಕ ಬರೆಯುವುದು, ಮಳೆಗಾಲದ ಚಳಿಜ್ವರಕ್ಕೆ ಸಿಕ್ಕವನು ಊರಿಗೆ ಮರಳಿ ಸಾಯುವುದು, ಇವೆಲ್ಲವನ್ನೂ ಕಾರಂತರು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾರೆ. ಮಲೇರಿಯಾ ಪಾಠ ಮಾಡುವಾಗ ನಾನು ಅನಾಫಿಲಿಸ್ ಸೊಳ್ಳೆಯ ಚಿತ್ರ ಬಿಡಿಸುತ್ತಿದ್ದೆ. ಚೋಮನ ಹಿರಿಮಗ ಚನಿಯನ ಸಾವನ್ನು ಓದಿ ಹೇಳಿದ್ದರೆ ಮಕ್ಕಳಿಗೆ ಆ ಜ್ವರ ಯಾರನ್ನು ಹುಡುಕಿ ಹಿಡಿಯುತ್ತಿತ್ತು ಎಂಬುದೂ ತಿಳಿಯುತ್ತಿತ್ತು. ಇನ್ನೊಬ್ಬ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದ ಜನ ಕೈಕಟ್ಟಿ ನಿಲ್ಲುವ ಪುಟ ಬಂದಾಗ ಅತ್ತೆ, “ಸಾಕು, ಇವತ್ತಿಗೆ ಇಲ್ಲಿಗೆ ಬಿಡು” ಅಂದರು. ಮರುದಿನ ಅವರೇ, “ಮುಂದೇನಾಯ್ತು ಓದು” ಎಂದು ಕೂತರು.

ಆದರೂ ಒಂದು ಮಾತು ಹೇಳಲೇಬೇಕು. ಕಾರಂತರು ಚೋಮನ ಗುಡಿಸಲಿನ ಬಾಗಿಲಿನವರೆಗೆ ಬಂದು ನಿಲ್ಲುತ್ತಾರೆ. ಅವನ ದುಃಖ, ಅವನ ಕುಡಿತ, ಅವನ ಸಿಟ್ಟು ಎಲ್ಲವೂ ಅಲ್ಲಿಂದ ಕಾಣುತ್ತವೆ. ಒಳಗೆ ಮನೆಮಂದಿ ಹೇಗೆ ನಗುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಎಂಬುದು ಕಾಣುವುದಿಲ್ಲ. ಅದನ್ನು ತೋರಿಸುವುದು ‘ಊರುಕೇರಿ’. ಮಾಗಡಿಯ ಕಡೆಯ ಕೇರಿಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗ, ಹಾಸ್ಟೆಲಿನ ಹಸಿವು, ಓದಲು ನೆಮ್ಮದಿಯ ಜಾಗವೆಂದು ಆರಿಸಿಕೊಂಡ ಸ್ಮಶಾನ, ಭಾಷಣದ ಹುಚ್ಚು: ಎಲ್ಲದರಲ್ಲೂ ಒಂದು ನಗೆ ಇದೆ. ಆ ನಗೆ ನೋವನ್ನು ಹಗುರ ಮಾಡುವುದಿಲ್ಲ. ನೋವು ಕೊಟ್ಟವರ ಎದುರು ಇನ್ನೂ ಸೋತಿಲ್ಲ ಎಂದು ಹೇಳುವ ನಗೆ ಅದು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬರೆದು ಕನ್ನಡ ಕಾವ್ಯವನ್ನೇ ನಡುಗಿಸಿದ ಕವಿ ಇವರೇ ಎಂಬುದನ್ನು ನೆನೆದರೆ ಈ ಸಾವಧಾನದ ಗದ್ಯ ಇನ್ನೂ ದೊಡ್ಡದಾಗಿ ಕಾಣುತ್ತದೆ. ಪುಸ್ತಕದ ಕೊರತೆಯೆಂದರೆ ಪ್ರಸಂಗದಿಂದ ಪ್ರಸಂಗಕ್ಕೆ ಜಿಗಿಯುತ್ತಾ ಹೋಗುವುದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೆಲವೆಡೆ ಹಿಂದಿನ ಪುಟ ತಿರುವಿ ನೋಡಬೇಕಾಗುತ್ತದೆ.

ಈ ಎರಡು ಪುಸ್ತಕಗಳ ನಡುವೆ ಕಾನೂನುಗಳು ಬಂದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾಯ್ದೆ ಬಂತು. ಚೋಮ ಗೇಣಿದಾರನೂ ಆಗಿರಲಿಲ್ಲ ಎಂಬುದನ್ನು ಕಾದಂಬರಿ ಓದಿದವರು ಮಾತ್ರ ಥಟ್ಟನೆ ಗುರುತಿಸುತ್ತಾರೆ. ಉಳುವವನೇ ಹೊಲದೊಡೆಯ ಎಂದಾಗ, ಉಳಲಿಕ್ಕೇ ಬಿಡದವನ ಪಾಲಿಗೆ ಏನು ಉಳಿಯಿತು? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಎರಡನ್ನೂ ಜೊತೆಗೆ ಓದಿದ್ದರಿಂದ.

ಇನ್ನೊಂದು ಜೋಡಿ ನನ್ನ ವಿಷಯಕ್ಕೇ ಸೇರಿದ್ದು. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’.

‘ಕರ್ವಾಲೊ’ 1980ರದ್ದು. ಕೃಷಿಯಿಂದ ಬೇಸತ್ತು ಎಲ್ಲವನ್ನೂ ಮಾರಿ ಹೋಗಿಬಿಡೋಣ ಅಂದುಕೊಂಡಿರುವ ಒಬ್ಬ ರೈತ ಕಥೆ ಹೇಳುತ್ತಾನೆ. ಮೂಡಿಗೆರೆಯಲ್ಲಿ ಜೇನು ಕೊಳ್ಳಲು ಹೋದವನಿಗೆ ಮೊದಲು ಸಿಗುವುದು ಜೇನು ಸೊಸೈಟಿಯ ಜನ, ಆಮೇಲೆ ದನ ಕಾಯುವ, ಜೇನು ಹಿಡಿಯುವ ಮಂದಣ್ಣ, ಆಮೇಲೆ ವಿಜ್ಞಾನಿ ಕರ್ವಾಲೊ. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು, ಪೆದ್ದ. ಕರ್ವಾಲೊ ಕಣ್ಣಿಗೆ ಅವನು ಹುಟ್ಟು ಪ್ರಕೃತಿ ವಿಜ್ಞಾನಿ. ಹಾರುವ ಓತಿಯನ್ನು ತಾನು ನೋಡಿದ್ದೇನೆ ಅನ್ನುವವನೂ ಅವನೇ. ಅದನ್ನು ಹುಡುಕಿಕೊಂಡು ಬಿರಿಯಾನಿ ಕರಿಯಪ್ಪ, ಫೋಟೋಗ್ರಾಫರ್ ಪ್ರಭಾಕರ, ನಾಯಿ ಕಿವಿ ಎಲ್ಲ ಸೇರಿ ಕಾಡು ಹತ್ತುತ್ತಾರೆ. ಇಡೀ ವಿಕಾಸವಾದವನ್ನು ಒಂದು ಹಾಳು ಕಳ್ಳಭಟ್ಟಿ ಕೇಸು, ಒಂದು ಮದುವೆ, ಒಂದಿಷ್ಟು ಜೇನುಪೆಟ್ಟಿಗೆಗಳ ನಡುವೆ ಹೇಳಿಬಿಡಬಹುದು ಎಂದು ಕನ್ನಡದಲ್ಲಿ ತೋರಿಸಿಕೊಟ್ಟ ಕಾದಂಬರಿ ಇದು.

ಹಾರುವ ಓತಿ ಕಾದಂಬರಿಯಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಕಾಲದಿಂದ ಉಳಿದು ಬಂದ ಅಪರೂಪದ ಜೀವಿ. ನಿಜದ ಹಾರುವ ಓತಿ ಅಷ್ಟು ಅಪರೂಪವಲ್ಲ. ‘ಡ್ರಾಕೊ ಡುಸುಮಿಯೆರಿ’ ಎಂಬ ಹೆಸರಿನ ಇದು ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅಡಿಕೆ ತೋಟಗಳಲ್ಲೂ ಇದೆ. ಕೊಪ್ಪದ ಹತ್ತಿರ ನನ್ನ ಅಕ್ಕನ ತೋಟದಲ್ಲಿ ನಾನೇ ನೋಡಿದ್ದೇನೆ. ಅಡಿಕೆ ಮರದ ಕಾಂಡಕ್ಕೆ ಅಂಟಿ ಕೂತರೆ ತೊಗಟೆಯ ಬಣ್ಣದಲ್ಲಿ ಕರಗಿಹೋಗಿರುತ್ತದೆ. ಗಂಡು ಗಂಟಲಿನ ಕೆಳಗಿನ ಹಳದಿ ಚೀಲವನ್ನು ಪಟಪಟನೆ ಚಾಚಿ ಒಳಗೆಳೆದುಕೊಂಡಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಇರುವೆಗಳನ್ನು ಒಂದೊಂದೇ ನೆಕ್ಕುತ್ತಾ ಮರ ಏರುತ್ತದೆ. ತುದಿಯ ಹತ್ತಿರ ಬಂದಾಗ ಪಕ್ಕೆಲುಬುಗಳನ್ನು ಹರಡುತ್ತದೆ. ಅವುಗಳ ಮೇಲಿನ ಚರ್ಮ ಬಿಗಿದು ಎರಡೂ ಪಕ್ಕ ರೆಕ್ಕೆಯಂತೆ ನಿಲ್ಲುತ್ತದೆ, ಜಿಗಿಯುತ್ತದೆ, ಮುಂದಿನ ಮರದ ಬುಡದ ಕಡೆಗೆ ತೇಲಿ ಇಳಿಯುತ್ತದೆ. ಹಕ್ಕಿಯ ಹಾಗೆ ರೆಕ್ಕೆ ಬಡಿಯುವುದಿಲ್ಲ. ಮೊಟ್ಟೆ ಇಡುವಾಗ ಹೆಣ್ಣು ನೆಲಕ್ಕೆ ಇಳಿಯುತ್ತದೆ. “ಇದಾ? ಇದು ನಮ್ಮಲ್ಲಿ ಯಾವಾಗಲೂ ಇರುತ್ತೆ” ಅಂದಳು ಅಕ್ಕ.

ಹಾಗಾದರೆ ಕಾದಂಬರಿ ಸುಳ್ಳಾಯಿತೆ? ಇಲ್ಲ. ತೇಜಸ್ವಿಯವರಿಗೆ ಬೇಕಾಗಿದ್ದುದು ಹುಡುಕುವ ಮನುಷ್ಯರು. ಕೊನೆಗೆ ಓತಿ ಪ್ರಪಾತದ ಅಂಚಿನಿಂದ ತೇಲಿ ಕೈತಪ್ಪಿ ಹೋಗುವುದು ಆ ಹುಡುಕಾಟಕ್ಕೆ ಸಲ್ಲುವ ಮುಗಿತಾಯವೇ. ಆದರೆ ಅಡಿಕೆ ಮರದ ಮೇಲಿನ ಓತಿಯನ್ನು ನೋಡಿದವರಿಗೆ ಇನ್ನೊಂದು ವಿಚಾರ ಹೊಳೆಯುತ್ತದೆ: ಕಾಡಿನಾಚೆ ಹುಡುಕಿದ ವಿಸ್ಮಯ ನಮ್ಮ ತೋಟದಲ್ಲೇ ಇರುವೆ ತಿನ್ನುತ್ತಾ ಕೂತಿದೆ, ನಾವು ತಲೆಯೆತ್ತಿ ನೋಡಿಲ್ಲ. ಅಕ್ಕನಿಗೆ ಕಾದಂಬರಿ ಕೊಟ್ಟು ಬಂದೆ. ಈಗ ಅವಳು ಮಕ್ಕಳಿಗೆ ಓತಿ ತೋರಿಸುತ್ತಾಳೆ. ನನ್ನ ಒಂದು ದೂರು ಉಳಿದೇ ಇದೆ: ‘ಕರ್ವಾಲೊ’ದಲ್ಲಿ ಹೆಂಗಸರಿಗೆ ಜಾಗವಿಲ್ಲ. ಮಂದಣ್ಣನ ಹೆಂಡತಿ ರಾಮಿ ಬಂದು ಹೋಗುತ್ತಾಳೆ, ಅಷ್ಟೆ. ಸೊಪ್ಪು ಸದೆ, ಜೇನು, ಅಣಬೆ, ಹುತ್ತ ಇವನ್ನೆಲ್ಲ ಮಲೆನಾಡಿನ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕರ್ವಾಲೊ ಹುಡುಕುತ್ತಿದ್ದ ಹುಟ್ಟು ವಿಜ್ಞಾನಿ ಆ ಮನೆಯಲ್ಲಿ ಇನ್ನೊಬ್ಬಳೂ ಇದ್ದಿರಬಹುದು.

‘ಹಸುರು ಹೊನ್ನು’ ಓದಲು ಹೆದರುವವರಿದ್ದಾರೆ. ಸಸ್ಯಶಾಸ್ತ್ರದ ಪುಸ್ತಕ, ಲ್ಯಾಟಿನ್ ಹೆಸರುಗಳು, ನಮಗೆ ಅರ್ಥವಾಗುತ್ತದೆಯೇ ಎಂಬ ಅಳುಕು. ಸ್ವಾಮಿ ಡಿ. ವಿ. ಗುಂಡಪ್ಪನವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೇಲಿಯವರ ಜೊತೆ ಕೆಲಸ ಮಾಡಿ ಬಂದವರು. ಅಂಥವರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಕಥನ ಇದು. ಗಿಡ ಎದುರಿಗೆ ಬರುತ್ತದೆ, ಹುಡುಗರು ಏನೋ ಒಂದು ಕೇಳುತ್ತಾರೆ, ಮೇಷ್ಟ್ರು ಉತ್ತರ ಕೊಡುತ್ತಾ ಕೊಡುತ್ತಾ ಹಳೆಗನ್ನಡ ಕಾವ್ಯಕ್ಕೋ ಸಂಸ್ಕೃತದ ಶ್ಲೋಕಕ್ಕೋ ಅಡುಗೆಮನೆಗೋ ಹೋಗಿ, ಮತ್ತೆ ಎಲೆಯ ಅಂಚಿಗೆ ಮರಳುತ್ತಾರೆ. ಪುಸ್ತಕದ ರೇಖಾಚಿತ್ರಗಳೂ ಅವರವೇ. ವಿಜ್ಞಾನದ ಬರಹಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಪಾಠ ಮಾಡಿದವಳಾಗಿ ಹೇಳುತ್ತೇನೆ: ಸಸ್ಯದ ಲಕ್ಷಣ ವಿವರಿಸುವಾಗ ಅವರು ಒಂದು ಪದವನ್ನೂ ಸಡಿಲ ಬಿಟ್ಟಿಲ್ಲ. ಎಲೆ ಎದುರುಬದುರಾಗಿ ಹೊರಡುತ್ತದೆಯೋ ಒಂದರ ಮೇಲೊಂದು ಸುತ್ತುತ್ತದೆಯೋ ಎಂಬುದನ್ನು ಓದುತ್ತಿದ್ದ ಹಾಗೆ ಕೈಬೆರಳು ತಾನೇ ಗಾಳಿಯಲ್ಲಿ ಎಲೆ ಬಿಡಿಸುತ್ತದೆ. ಹುಡುಗರ ತಮಾಷೆಗಳು ಮಾತ್ರ ಈ ಕಾಲಕ್ಕೆ ಸ್ವಲ್ಪ ಉದ್ದವೆನಿಸುತ್ತವೆ.

2022ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ, ಸಾಯುವ ಗಿಡ. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ಕಾರುಗಳ ಸಾಲು. ಕೊಂಬೆಗಳನ್ನು ಮುರಿದು ತಲೆಗೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವರನ್ನು ನೋಡಿ ಹೊಟ್ಟೆ ಉರಿಯಿತು. ಆ ಹೂವಿನಿಂದ ಬೀಜವಾಗಬೇಕು, ಆ ಬೀಜದಿಂದ ಮುಂದಿನ ಹನ್ನೆರಡು ವರ್ಷ. ಗಿಡದ ಮುಂದೆ ಹೇಗೆ ನಿಲ್ಲಬೇಕು ಎಂಬುದನ್ನು ‘ಹಸುರು ಹೊನ್ನು’ ಹೇಳಿಕೊಡುತ್ತದೆ. ಪ್ರವಾಸ ಹೊರಡುವ ಮುನ್ನ ಅದರ ಒಂದು ಅಧ್ಯಾಯ ಓದಿದವರು ಕೊಂಬೆ ಮುರಿಯಲಾರರು ಎಂದು ನಾನು ನಂಬಿದ್ದೇನೆ.

ಸ್ವಾಮಿಯವರ ಇನ್ನೊಂದು ಪುಸ್ತಕ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಇದನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಜೊತೆ ಓದಿದೆ. ಈ ಜೋಡಿ ವಿಚಿತ್ರ ಅನ್ನಿಸಬಹುದು. ‘ಘಾಚರ್ ಘೋಚರ್’ 2013ರಲ್ಲಿ ಬಂತು, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ದೂರದೂರ ಹೋಯಿತು. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಕುಟುಂಬ. ಅಪ್ಪನ ಕೆಲಸ ಹೋಗುತ್ತದೆ, ಬಂದ ದುಡ್ಡನ್ನು ಚಿಕ್ಕಪ್ಪನ ವ್ಯಾಪಾರಕ್ಕೆ ಹಾಕುತ್ತಾರೆ, ಸೋನಾ ಮಸಾಲೆ ಎಂಬ ಆ ಕಂಪನಿ ಬೆಳೆಯುತ್ತದೆ, ಮನೆ ಬದಲಾಗುತ್ತದೆ, ಮನೆಮಂದಿ ಬದಲಾಗುತ್ತಾರೆ. ಹಳೆಮನೆಯಲ್ಲಿ ಅಪ್ಪನ ಖರ್ಚಿನ ಲೆಕ್ಕ ತಾಳೆಯಾಗದೆ ಎಲ್ಲರೂ ಕೂತು ಹುಡುಕುವ ಪುಟಗಳನ್ನು ಓದುವಾಗ ಅತ್ತೆ ತಡೆದು, “ನಿಮ್ಮ ಮಾವನೂ ಹೀಗೇ. ನಾಲ್ಕಾಣೆ ಹೆಚ್ಚು ಕಡಿಮೆ ಬಂದರೆ ಊಟ ಮಾಡ್ತಿರಲಿಲ್ಲ” ಅಂದರು. ಆ ಮನೆಯ ಇರುವೆಗಳನ್ನೂ, ಮೊದಲ ಸಲ ಗ್ಯಾಸ್ ಒಲೆ ಬಂದ ದಿನವನ್ನೂ ಶಾನಭಾಗರು ಬರೆದ ಬಗೆ ನೋಡಿ. ಯಾವುದನ್ನೂ ದೊಡ್ಡದು ಮಾಡುವುದಿಲ್ಲ. ಸಾರು ಕೊಡಲು ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯ ಹೆಂಗಸರು ಬಾಗಿಲಿನಿಂದ ಓಡಿಸುವ ದೃಶ್ಯ ಬರುವ ಹೊತ್ತಿಗೆ, ಈ ಒಗ್ಗಟ್ಟಿನ ಕುಟುಂಬ ಏನನ್ನು ಕಾಯುತ್ತಿದೆ ಎಂಬ ಭಯ ಓದುಗರಲ್ಲಿ ಹುಟ್ಟಿರುತ್ತದೆ. ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಸೊಸೆಯಾಗಿ ಬಂದ ಅನಿತಾಳ ಕಡೆಯಿಂದ ಇದೇ ಕಥೆಯನ್ನು ಯಾರಾದರೂ ಬರೆಯಲಿ ಎಂದು ಮಾತ್ರ ಆಸೆಯಾಗುತ್ತದೆ.

ಆ ಮನೆಯನ್ನು ಎತ್ತಿ ನಿಲ್ಲಿಸಿದ್ದು ಮಸಾಲೆ ಪೊಟ್ಟಣ. ಅದರೊಳಗಿನ ಖಾರದ ಚರಿತ್ರೆ ಸ್ವಾಮಿಯವರಲ್ಲಿದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ: ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಮೆಣಸಿನಕಾಯಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು. ಅದಕ್ಕೂ ಮೊದಲು ನಮ್ಮ ಖಾರ ಹೆಚ್ಚಾಗಿ ಕಾಳುಮೆಣಸಿನದು. 1508ರ ಸುಮಾರಿಗೆ ಮೂರನೇ ಮಂಗರಸ ಷಟ್ಪದಿಯಲ್ಲಿ ಬರೆದ ಅಡುಗೆಯ ಗ್ರಂಥ ‘ಸೂಪಶಾಸ್ತ್ರ’ವನ್ನು ತೆಗೆದರೆ ಬದನೆ ಇದೆ, ಹಲಸು ಇದೆ, ಕಳಲೆ ಇದೆ, ಮೆಣಸಿನಕಾಯಿಯ ಸುಳಿವಿಲ್ಲ, ಆಲೂಗಡ್ಡೆಯ ಸುಳಿವಿಲ್ಲ. ಇಂದು ಬ್ಯಾಡಗಿಯ ಹೆಸರು ಮೆಣಸಿನಕಾಯಿಗೆ ಅಂಟಿಕೊಂಡಿದೆ, ನೆರೆಯ ಹಾಸನ ಆಲೂಗಡ್ಡೆಗೆ ಹೆಸರುವಾಸಿ. “ಹಂಗಾದ್ರೆ ನಮ್ಮಜ್ಜಿಯ ಅಜ್ಜಿಯ ಅಜ್ಜಿ ಸಾರಿಗೆ ಏನು ಹಾಕ್ತಿದ್ಲು?” ಎಂದು ಅತ್ತೆ ಕೇಳಿದರು. ಮರುದಿನ ಕಾಳುಮೆಣಸು, ಜೀರಿಗೆ, ಹುಣಸೆಹಣ್ಣು ಮಾತ್ರ ಹಾಕಿ ಸಾರು ಮಾಡಿದೆ. ‘ನಮ್ಮ ಸಂಪ್ರದಾಯದ ಅಡುಗೆ’ ಎಂದು ಎದೆತಟ್ಟಿಕೊಳ್ಳುವವರಿಗೆಲ್ಲ ಈ ಪುಸ್ತಕ ಓದಲು ಕೊಡಬೇಕು. ಹೊರಗಿನದು ಎಂದು ನಾವು ಕರೆಯುವ ಎಷ್ಟೋ ಸಂಗತಿಗಳು ನಮ್ಮ ಒಗ್ಗರಣೆಯಲ್ಲೇ ಇವೆ.

ಈ ನಡುವೆ ಓದಿದ ಬೇರೆ ಪುಸ್ತಕಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೃಪಾಕರ-ಸೇನಾನಿಯವರ ‘ಸೆರೆಯಲ್ಲಿ ಕಳೆದ ಹದಿನಾಲ್ಕು ದಿನಗಳು’ ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ. 1997ರಲ್ಲಿ ಬಂಡೀಪುರದ ಬಳಿಯಿಂದ ವೀರಪ್ಪನ್ ಎತ್ತಿಕೊಂಡು ಹೋದ ಇಬ್ಬರು ವನ್ಯಜೀವಿ ಛಾಯಾಗ್ರಾಹಕರು ತಮ್ಮನ್ನು ಹಿಡಿದವರನ್ನೂ ಕಾಡಿನ ಜೀವಿಗಳನ್ನು ಗಮನಿಸುವಷ್ಟೇ ತಾಳ್ಮೆಯಿಂದ ಗಮನಿಸಿ ಬರೆದಿದ್ದಾರೆ. ಯಶಸ್ಸಿನ ಸೂತ್ರ ಹೇಳುವ ಅನುವಾದಿತ ಪುಸ್ತಕಗಳನ್ನು ಸೋದರಳಿಯ ತಂದುಕೊಡುತ್ತಾನೆ. ಅವುಗಳಲ್ಲಿ ಮನುಷ್ಯರೇ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಏಳು, ಗುರಿ ಬರೆದಿಡು ಎಂದು ಹೇಳುವವರಿಗೆ ಮನೆಯಲ್ಲಿ ಮುದುಕರಿದ್ದಾರೆಯೆ, ಸಾಲವಿದೆಯೆ, ಹುಟ್ಟಿದ ಕೇರಿ ಯಾವುದು ಎಂಬುದು ತಿಳಿಯುವುದಿಲ್ಲ. ‘ಊರುಕೇರಿ’ಯ ಹುಡುಗ ಸ್ಮಶಾನದಲ್ಲಿ ಕೂತು ಓದಿದ್ದಕ್ಕಿಂತ ದೊಡ್ಡ ಪಾಠ ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಕೊನೆಗೆ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಅವರ ಊರು ಹಾಸನದಲ್ಲಿ ಹಬ್ಬದಂತಿತ್ತು, ನಮ್ಮಲ್ಲೂ ಸಂಭ್ರಮವಿತ್ತು. ಕನ್ನಡದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು; ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಅನುವಾದಿಸಿದವರು ದೀಪಾ ಭಾಸ್ತಿ, 50,000 ಪೌಂಡಿನ ಬಹುಮಾನ ಇಬ್ಬರಿಗೂ ಸಮಪಾಲು. ಸಂಕಲನದಲ್ಲಿರುವುದು 1990ರಿಂದ 2023ರವರೆಗೆ ಬರೆದ 12 ಕಥೆಗಳು. ಪ್ರಶಸ್ತಿ ಬಂದ ಮೇಲೆ ಪುಸ್ತಕ ಕೊಂಡವರು ಬಹಳ, ಓದಿ ಮುಗಿಸಿದವರು ಅಷ್ಟಿಲ್ಲ ಅನ್ನುವುದು ನನಗೆ ಸುತ್ತಲಿನವರ ಮಾತಿನಿಂದ ಗೊತ್ತಾಗುತ್ತದೆ. ಅದು ಬೇಸರದ ಸಂಗತಿ. ವಕೀಲಿ ಮಾಡಿದ, ಪತ್ರಿಕೆಗೆ ವರದಿ ಬರೆದ, ಬಂಡಾಯದ ದಿನಗಳಿಂದ ಬಂದ ಲೇಖಕಿ ಇವರು. ಮನೆಯೊಳಗಿನ ಅನ್ಯಾಯಕ್ಕೆ ಸಾಕ್ಷಿ ಹೇಗೆ ಒದಗಿಸಬೇಕು ಎಂಬುದು ಇವರಿಗೆ ಗೊತ್ತು. ‘ಎದೆಯ ಹಣತೆ’ ಕಥೆಯ ಮೆಹರುನ್ ಗಂಡನ ಮನೆಯಲ್ಲಿ ಬಾಳಲಾರದೆ ತವರಿಗೆ ಬಂದಾಗ, ಅಣ್ಣಂದಿರು ಮರ್ಯಾದೆಯ ಮಾತಾಡಿ ತಿರುಗಿ ಕರೆದೊಯ್ದು ಬಿಡುತ್ತಾರೆ. ಆ ಪುಟಗಳ ಅಣ್ಣಂದಿರನ್ನು ಎಲ್ಲ ಜಾತಿಯ, ಎಲ್ಲ ಧರ್ಮದ ಮನೆಗಳಲ್ಲೂ ನಾನು ನೋಡಿದ್ದೇನೆ. ನನ್ನ ವಿದ್ಯಾರ್ಥಿನಿಯರಲ್ಲೂ ಒಬ್ಬಿಬ್ಬರು ಹೀಗೆ ತಿರುಗಿ ಕಳಿಸಲ್ಪಟ್ಟವರಿದ್ದರು. ಕೆಲವು ಕಥೆಗಳಲ್ಲಿ ಸಿಟ್ಟು ನೇರವಾಗಿ ಭಾಷಣಕ್ಕೆ ತಿರುಗುತ್ತದೆ, ಹೌದು. ಪಾತ್ರಗಳು ಸುಮ್ಮನಿದ್ದು, ವಸ್ತುಗಳು ಮಾತಾಡುವ ಕಥೆಗಳೇ ಇವರ ಶ್ರೇಷ್ಠ ಕಥೆಗಳು.

ಹೆಣಕ್ಕೆ ಹೊದಿಸುವ ಬಟ್ಟೆಯಾದ ಕಫನ್‌ನ ಕಥೆ ಅಂಥದ್ದು. ಯಾಸೀನ್ ಬುವಾ ಎಂಬ ಬಡ ಮುದುಕಿ ಕಂಡವರ ಮನೆಗಳಲ್ಲಿ ದುಡಿದು ಕೂಡಿಟ್ಟ ದುಡ್ಡನ್ನು ಹಜ್‌ಗೆ ಹೊರಟ ಸಿರಿವಂತೆ ಶಾಜಿಯಾ ಕೈಗೆ ಕೊಡುತ್ತಾಳೆ. ಜಮ್‌ಜಮ್ ನೀರಿನಲ್ಲಿ ಅದ್ದಿದ ಒಂದು ಕಫನ್ ತಂದುಕೊಟ್ಟರೆ ಸಾಕು, ತನ್ನ ಸಾವಿಗೆ. ಶಾಜಿಯಾ ಹೋಗುತ್ತಾಳೆ, ಏನೇನೋ ಕೊಳ್ಳುತ್ತಾಳೆ, ಅದೊಂದು ಮರೆಯುತ್ತಾಳೆ. ಬುವಾ ಸಾಯುತ್ತಾಳೆ. ಮಗ ಬಂದು ಕಫನ್ ಕೇಳುತ್ತಾನೆ. ಇಷ್ಟೇ ಕಥೆ.

ಓದಿ ಮುಗಿಸಿದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ದೇವರ ಮನೆಯಲ್ಲಿ ನನ್ನ ಗಂಗೆಯ ಥಾಲಿ ಇದೆಯಲ್ಲ, ನೋಡು, ಸೋರ್ತಿಲ್ಲ ತಾನೆ?” ಅಂದರು. ಕಾಶಿಗೆ ಹೋದವರ ಕೈಲಿ ತರಿಸಿದ್ದು ಅದು. ಬಾಯಿಗೆ ಬೆಸುಗೆ ಹಾಕಿದ ಅಂಗೈಯಗಲದ ತಾಮ್ರದ ತಂಬಿಗೆ, ಮೈಯೆಲ್ಲ ಹಸಿರು ಕಿಲುಬು. ಕೊನೆಗಾಲದಲ್ಲಿ ಬಾಯಿಗೆ ಬಿಡಲೆಂದು ಅವರು ಅದನ್ನು ವರ್ಷಗಳಿಂದ ಕಾದಿಟ್ಟಿದ್ದಾರೆ. ಎತ್ತಿ ಅಲ್ಲಾಡಿಸಿ ನೋಡಿದೆ, ನೀರಿತ್ತು. ಅವರ ಕೈಗೆ ಕೊಟ್ಟೆ. “ಪಾಪ ಆ ಬುವಾ. ನಾನು ಕೊಟ್ಟ ದುಡ್ಡು ಮರೆತು ಬಂದಿದ್ರೆ ನನಗೆ ಹೆಂಗಾಗ್ತಿತ್ತು” ಅಂದರು ಅತ್ತೆ. ಮುಸಲ್ಮಾನರ ಮನೆಯ ಒಳಗನ್ನು ಅವರು ಎಂದೂ ಕಂಡವರಲ್ಲ. ಈ ಕಥೆಗೆ ಜೋಡಿ ಪುಸ್ತಕವನ್ನು ನಾನು ಹುಡುಕಲಿಲ್ಲ, ಹುಡುಕುವ ಅಗತ್ಯ ಬೀಳಲಿಲ್ಲ. ಬೂಕರ್ ತೀರ್ಪುಗಾರರ ಮೆಚ್ಚುಗೆಗಿಂತ ಅತ್ತೆಯ ಆ ಮಾತು ನನಗೆ ಈ ಪುಸ್ತಕದ ಮೇಲಿನ ದೊಡ್ಡ ವಿಮರ್ಶೆ.

ಇವುಗಳಲ್ಲಿ ಒಂದು ಜೋಡಿಯನ್ನಷ್ಟೇ ಓದಲು ಬಿಡುವಿದೆ ಅನ್ನುವವರು ‘ಚೋಮನ ದುಡಿ’ ಮತ್ತು ‘ಊರುಕೇರಿ’ ಓದಿ. ಎರಡೂ ತೆಳ್ಳಗಿನ ಪುಸ್ತಕಗಳು, ಒಂದು ವಾರದಲ್ಲಿ ಮುಗಿಯುತ್ತವೆ. ಮನೆಯಲ್ಲಿ ಹೈಸ್ಕೂಲು, ಪಿಯು ಓದುವ ಮಕ್ಕಳಿದ್ದರೆ ‘ಕರ್ವಾಲೊ’ದಿಂದ ಶುರು ಮಾಡಿಸಿ, ‘ಹಸುರು ಹೊನ್ನು’ ಪಕ್ಕದಲ್ಲಿರಲಿ, ಅಧ್ಯಾಯಗಳನ್ನು ಹೇಗೆ ಬೇಕಾದರೂ ಹೆಕ್ಕಿ ಓದಬಹುದು. ಕಣ್ಣು ಮಂದವಾದ ಹಿರಿಯರಿದ್ದರೆ ಬಾನು ಮುಷ್ತಾಕ್ ಅವರ ಕಥೆಗಳನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿ ಹೇಳಿ. ಪುಸ್ತಕ ಕೊಳ್ಳಲು ಆಗದಿದ್ದರೆ ಊರಿನ ಗ್ರಂಥಾಲಯದಲ್ಲಿ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದುಕೊಡಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರ ಪ್ರಕಾರ ಮನೆ ಕಂದಾಯದ ಜೊತೆ ನಾವು ಪ್ರತಿ ವರ್ಷ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ.